ತೆರೆದ ಬಾಗಿಲಿನ ಮೇಲೆ ಬೀಳುವ ಮಚ್ಚು

(ಮಂಡ್ಯದಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರು, ರೈತ ಕಾರ್ಯಕರ್ತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ 400 ಜನಕ್ಕೆ ಒಬ್ಬರಂತೆ ಗ್ರಾಮ ಪಂಚಾಯ್ತಿ ಸದಸ್ಯರು. ಆ 400ರಲ್ಲಿ ಗೆದ್ದವರಿಗೆ ಓಟು ಹಾಕಿದವರಿದ್ದಾರೆ, ಸೋತವರಿಗೆ ಹಾಕಿದವರೂ ಇದ್ದಾರೆ. ಓಟಿನ ವಯಸ್ಸಾಗದ ಮಕ್ಕಳಿದ್ದಾರೆ, ಬೂತಿಗೆ ನಡೆಯಲಾರದ ಮುದುಕರಿದ್ದಾರೆ. ಅಷ್ಟೂ ಜನರ ಚರಂಡಿ, ಬೀದಿದೀಪ, ಇ-ಸ್ವತ್ತು, ಉದ್ಯೋಗ ಖಾತ್ರಿ ಕೂಲಿ, ಎಲ್ಲವೂ ಆ ಒಬ್ಬರ ಬಾಯಿಂದಲೇ ಸಭೆಗೆ ಬರಬೇಕು. ಈಗ ಯಾರೋ ಒಬ್ಬ ರಾತ್ರಿ ಹೊತ್ತು ಆ ಸದಸ್ಯೆಯ ಮನೆ ಮುಂದೆ ನಿಂತು ಮಚ್ಚು ತೋರಿಸಿ ಹೋದ ಅನ್ನಿ. ಮುಂದಿನ ಸಭೆಗೆ ಆಯಮ್ಮ ಬರುವುದಿಲ್ಲ. ಬಂದರೂ ಬಾಯಿ ಬಿಡುವುದಿಲ್ಲ. ಮಚ್ಚು ಕಂಡದ್ದು ಒಬ್ಬರಿಗೆ, ಬಾಯಿ ಕಟ್ಟಿದ್ದು 400 ಜನರದ್ದು.

ಅದಕ್ಕೇ ನಾನು ಇದನ್ನು ಬರೀ ಹಲ್ಲೆ ಅನ್ನುವುದಿಲ್ಲ. ಬೇರೆಯವರ ಓಟನ್ನು ಕಸಿದುಕೊಳ್ಳುವ ಕೆಲಸ ಇದು. ಬೂತಿಗೆ ನುಗ್ಗಿ ಮತಪೆಟ್ಟಿಗೆ ಹೊತ್ತುಕೊಂಡು ಹೋದವನಿಗೂ ಇವನಿಗೂ ವ್ಯತ್ಯಾಸ ಏನು? ಅವನು ಮತದಾನದ ದಿನ ಬಂದ, ಇವನು ಎಣಿಕೆ ಮುಗಿದ ಮೇಲೆ ಬಂದ.

ಈಗ ಕೆಲವು ಘಟನೆಗಳನ್ನು ನೆನಪಿಸುತ್ತೇನೆ. ಯಾರು ಯಾವ ಪಕ್ಷ ಅನ್ನುವುದನ್ನು ಬದಿಗಿಟ್ಟು, ಎಲ್ಲಿ ನಡೆಯಿತು ಅನ್ನುವುದನ್ನು ಮಾತ್ರ ಗಮನಿಸಿ. ಮೈಸೂರಿನಲ್ಲಿ 2019ರ ನವೆಂಬರ್ 17ರ ರಾತ್ರಿ ಶಾಸಕ ತನ್ವೀರ್ ಸೇಠ್ ಅವರ ಕುತ್ತಿಗೆಗೆ ಹರಿತವಾದ ಆಯುಧದಿಂದ ಇರಿದದ್ದು ಬನ್ನಿಮಂಟಪದ ಒಂದು ಮದುವೆ ಸಮಾರಂಭದಲ್ಲಿ. ರಾಜೀವ್ ಗಾಂಧಿ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಸತ್ತದ್ದು, ಹಾರ ಹಾಕಿ ಕಾಲಿಗೆ ಬೀಳಲು ಬಂದವಳ ಮೈಮೇಲಿದ್ದ ಬಾಂಬಿನಿಂದ. ಸಂಸದೆ ಫೂಲನ್ ದೇವಿ ಅವರಿಗೆ 2001ರ ಜುಲೈ 25ರಂದು ಗುಂಡು ಹೊಡೆದದ್ದು ದೆಹಲಿಯ ಅವರ ಮನೆಯ ಗೇಟಿನ ಹತ್ತಿರ. ಅಮೆರಿಕದ ಟೂಸಾನ್‌ನಲ್ಲಿ 2011ರ ಜನವರಿ 8ರಂದು ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಗುಂಡು ಬಿದ್ದದ್ದು ದಿನಸಿ ಅಂಗಡಿಯ ಹೊರಗೆ, ಮತದಾರರನ್ನು ಮಾತಾಡಿಸಲು ನಿಂತಿದ್ದಾಗ. ಅವರು ಉಳಿದರು, ಸುತ್ತ ಇದ್ದ 6 ಜನ ಸತ್ತರು, ಅದರಲ್ಲಿ 9 ವರ್ಷದ ಒಂದು ಹೆಣ್ಣುಮಗು. ಇಂಗ್ಲೆಂಡಿನಲ್ಲಿ 2016ರ ಜೂನ್ 16ರಂದು ಸಂಸದೆ ಜೋ ಕಾಕ್ಸ್ ಅವರನ್ನು ಕೊಂದದ್ದು, ಅವರು ಜನರ ಅಹವಾಲು ಕೇಳಲು ಹೊರಟಿದ್ದ ಗ್ರಂಥಾಲಯದ ಮುಂದೆ. ಅದೇ ದೇಶದಲ್ಲಿ 2021ರ ಅಕ್ಟೋಬರ್ 15ರಂದು ಸಂಸದ ಡೇವಿಡ್ ಏಮಸ್ ಅವರನ್ನು ಇರಿದದ್ದು ಚರ್ಚಿನೊಳಗೆ, ಅವರ ಅಹವಾಲು ಸಭೆಯಲ್ಲೇ. ಕೊಂದವನು ಮೊದಲೇ ಸಮಯ ನಿಗದಿ ಮಾಡಿಸಿಕೊಂಡು ಬಂದಿದ್ದ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 2025ರ ಜೂನ್ 14ರಂದು ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಕೊಂದವನು ಪೊಲೀಸ್ ವೇಷದಲ್ಲಿ ಮನೆ ಬಾಗಿಲು ತಟ್ಟಿದ.

ಮದುವೆ ಮನೆ, ಹಾರ, ಮನೆಯ ಗೇಟು, ಅಂಗಡಿ ಮುಂಭಾಗ, ಅಹವಾಲು ಸಭೆ. ಕೈಗೆ ಸಿಗುವ ಹಾಗೆ ಇದ್ದವರೇ ಸಿಕ್ಕಿಬಿದ್ದದ್ದು. ಗನ್‌ಮ್ಯಾನ್ ಇಟ್ಟುಕೊಂಡು ಕಾರಿನ ಗಾಜು ಏರಿಸಿಕೊಂಡು ಹೋಗುವವರನ್ನು ಮುಟ್ಟುವುದು ಕಷ್ಟ. ಬಾಗಿಲು ತೆರೆದಿಟ್ಟವರನ್ನು ಮುಟ್ಟುವುದು ಸುಲಭ. ಹಾಗಾಗಿ ಇಂಥ ಒಂದೊಂದು ದಾಳಿಯೂ ಉಳಿದ ಎಲ್ಲ ಜನಪ್ರತಿನಿಧಿಗಳಿಗೆ ಕಲಿಸುವ ಪಾಠ ಒಂದೇ: ಬಾಗಿಲು ಹಾಕಿಕೊಳ್ಳಿ. ಬಾಗಿಲು ಹಾಕಿದಾಗ ಅರ್ಜಿ ಹಿಡಿದು ಹೊರಗೆ ನಿಲ್ಲುವವರು ನೀವು, ನಾವು.

ಪೊಲೀಸ್ ರಕ್ಷಣೆ ಕೊಡಬಹುದಲ್ಲ ಅಂತ ಕೇಳುತ್ತೀರಿ. ರಾಜ್ಯದಲ್ಲಿ 224 ಶಾಸಕರಿಗೆ ಕೊಡಬಹುದು. ಗ್ರಾಮ ಪಂಚಾಯ್ತಿ ಸದಸ್ಯರು 90 ಸಾವಿರಕ್ಕೂ ಹೆಚ್ಚು. ಹಾಲು ಹಾಕಲು ಡೇರಿಗೆ ಹೋಗುವ ಮೆಂಬರ ಹಿಂದೆ ಕಾನ್‌ಸ್ಟೆಬಲ್ ಕಳಿಸಲು ಆಗುತ್ತದೆಯೇ? ಅವರಿಗೆ ಇರುವ ಕಾವಲು ಊರು ಮಾತ್ರ.

ತಮಿಳುನಾಡಿನ ಮಧುರೈ ಕಡೆಯ ಎರಡು ಸಾವುಗಳನ್ನು ಹೇಳಲೇಬೇಕು, ಎರಡೂ 1997ರವು. ಮಧುರೈ ನಗರಪಾಲಿಕೆಯ ಸದಸ್ಯೆ ಲೀಲಾವತಿ ತಮ್ಮ ವಾರ್ಡಿಗೆ ಕುಡಿಯುವ ನೀರು ತರಿಸಲು ಹೋರಾಡಿದವರು. ಆ ವರ್ಷ ಏಪ್ರಿಲ್ 23ರಂದು ಅವರನ್ನು ಬೀದಿಯಲ್ಲೇ ಕೊಚ್ಚಿದರು. ಎರಡು ತಿಂಗಳ ನಂತರ ಜೂನ್ 30ರಂದು ಮೇಲವಳವು ಪಂಚಾಯ್ತಿಯ ಅಧ್ಯಕ್ಷ ಮುರುಗೇಶನ್ ಬಸ್ಸಿನಲ್ಲಿ ಊರಿಗೆ ವಾಪಸಾಗುತ್ತಿದ್ದಾಗ ಅವರನ್ನೂ ಸೇರಿಸಿ 6 ಜನ ದಲಿತರನ್ನು ಕೊಂದರು. ಅವರು ಮಾಡಿದ ತಪ್ಪು ಅಂದರೆ ಮೀಸಲಾದ ಸ್ಥಾನಕ್ಕೆ ನಿಂತು ಗೆದ್ದದ್ದು. ಕುರ್ಚಿಯ ಮೇಲೆ ಕೂತ ದೇಹವನ್ನು ಸಹಿಸದವರು ಆ ಕುರ್ಚಿಯನ್ನು ಸಂವಿಧಾನ ಕೊಟ್ಟಿತ್ತು ಅನ್ನುವುದನ್ನೇ ಒಪ್ಪಿರಲಿಲ್ಲ.

ಕರ್ನಾಟಕದಲ್ಲಿ ಪಂಚಾಯ್ತಿ ಸ್ಥಾನಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲು. ಅವರ ಮೇಲೆ ಬೀಳುವ ಬೆದರಿಕೆಗೆ ಸಾಮಾನ್ಯವಾಗಿ ಮಚ್ಚು ಬೇಕಾಗುವುದಿಲ್ಲ. 'ನಿನ್ನ ಗಂಡನಿಗೆ ಹೇಳ್ತೀವಿ', 'ಮಗಳು ಕಾಲೇಜಿಗೆ ಯಾವ ಬಸ್ಸಲ್ಲಿ ಹೋಗ್ತಾಳೆ ಗೊತ್ತು', ಅಷ್ಟು ಸಾಕು. ಇಂಥ ಮಾತನ್ನು ದಯವಿಟ್ಟು ಮನೆಯ ವಿಷಯ, ಊರಿನ ವಿಷಯ ಅಂತ ನುಂಗಿಕೊಳ್ಳಬೇಡಿ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರನ್ನು ಪಂಚಾಯ್ತಿ ಕೆಲಸ ಮಾಡದಂತೆ ಹೆದರಿಸುವುದು, ತಡೆಯುವುದು ದೌರ್ಜನ್ಯ ತಡೆ ಕಾಯ್ದೆಯ 3(1)(ಎಂ) ಪ್ರಕಾರ ಅದಕ್ಕೆಂದೇ ಬರೆದ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ ಇದೆ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಮಾಡಬೇಕು. ದೂರು ಬರೆಯುವಾಗ ಜಾತಿ ಹಿಡಿದು ಬೈದ ಮಾತನ್ನಷ್ಟೇ ಬರೆದು ನಿಲ್ಲಿಸಿಬಿಡುತ್ತಾರೆ. ಯಾವ ಸಭೆ, ಯಾವ ಕೆಲಸ, ಯಾವ ಸಹಿಯನ್ನು ತಡೆದರು ಅನ್ನುವುದನ್ನು ಬರೆಯದಿದ್ದರೆ ಈ ಕಲಂ ಎಫ್‌ಐಆರ್‌ಗೆ ಬರುವುದೇ ಇಲ್ಲ.

ಇನ್ನು ಮೊಟ್ಟೆ, ಮಸಿ, ಚಪ್ಪಲಿ. ಇವು ಹಿಂಸೆ ಅಲ್ಲ, ಬರೀ ಪ್ರತಿಭಟನೆ ಅನ್ನುವವರು ಇಲ್ಲೂ ಇರಬಹುದು. 2022ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅವರ ಕಾರಿಗೆ ಮೊಟ್ಟೆ ಎಸೆದರು. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಾಸಕ ಮುನಿರತ್ನ ಅವರ ಮೇಲೆ ಎಸೆದರು. ಎರಡೂ ಸಲ ಒಂದು ಕಡೆಯವರು ನಕ್ಕರು, ಇನ್ನೊಂದು ಕಡೆಯವರು ಕುದಿದರು. ನಗುವ ಸರದಿ ಬದಲಾಯಿತು ಅಷ್ಟೆ. ನನಗೆ ಇದರಲ್ಲಿ ಸಂದೇಹವಿಲ್ಲ: ಅನುಮತಿ ಇಲ್ಲದೆ ಇನ್ನೊಬ್ಬರ ಮೈ ಮುಟ್ಟುವ ವಸ್ತು, ಅದು ಮೊಟ್ಟೆಯೇ ಆಗಲಿ, ಗೆರೆ ದಾಟಿದಂತೆ. ಅಷ್ಟು ಹತ್ತಿರ ಮೊಟ್ಟೆ ಬಂತು ಅಂದರೆ ಅಷ್ಟೇ ಹತ್ತಿರ ಕಲ್ಲೂ ಬರಬಹುದು. ಗುಂಪಿನಲ್ಲಿ ಕೈ ಬೀಸಿದವನ ಕೈಯಲ್ಲಿ ಏನಿದೆ ಅಂತ ಎದುರಿದ್ದ ಪೊಲೀಸನಿಗೆ ಗೊತ್ತಾಗುವುದಿಲ್ಲ. ಅವನು ಲಾಠಿ ಎತ್ತುತ್ತಾನೆ, ಹಿಂದಿನವರು ನುಗ್ಗುತ್ತಾರೆ, ಮುಂದಿನವರು ಬೀಳುತ್ತಾರೆ.

ಮಂಡ್ಯಕ್ಕೆ ಪ್ರತಿಭಟನೆ ಹೇಳಿಕೊಡಬೇಕಾಗಿಲ್ಲ. ಕಾವೇರಿ ನೀರಿಗೆ, ಕಬ್ಬಿನ ಬಾಕಿಗೆ, ನಾಲೆಯ ಕೊನೆ ಭಾಗದ ನೀರಿಗೆ ಈ ಜಿಲ್ಲೆ ರಸ್ತೆಗೆ ಇಳಿದಷ್ಟು ಸಲ ಇನ್ನಾರೂ ಇಳಿದಿರಲಾರರು. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ನಿಷೇಧ ಇದ್ದರೂ ಧ್ವಜ ಏರಿಸಿದ ಸತ್ಯಾಗ್ರಹ ನಡೆದದ್ದು ಇದೇ ಮಣ್ಣಿನಲ್ಲಿ. ಸತ್ಯಾಗ್ರಹದ ಮುಂದಾಳು ಟಿ. ಸಿದ್ದಲಿಂಗಯ್ಯ ಮತ್ತು ಅವರ ಜೊತೆಗಾರರು ಬಂಧನಕ್ಕೆ ಒಳಗಾದರು, ಸೇರಿದ್ದ ಸಾವಿರಾರು ಜನ ಶಿಸ್ತು ಬಿಡಲಿಲ್ಲ. ಆಗ ಎದುರಿಗಿದ್ದದ್ದು ಜನ ಆರಿಸದ ಸರ್ಕಾರ, ಅದರ ಎದುರೂ ಕೈ ಮೇಲೆ ಹೋಗಲಿಲ್ಲ. ಅದಕ್ಕೂ ಮುಂಚೆ 1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೆ. ಅಲ್ಲಿಂದ ಪಂಚಾಯ್ತಿಯ ಓಟಿನವರೆಗೆ ಬರಲು ನಮ್ಮ ಹಿಂದಿನವರಿಗೆ ಹಲವು ದಶಕ ಹಿಡಿಯಿತು. ದಾರಿ ತಪ್ಪಿದೆ, ವಿಷಯಕ್ಕೆ ಬರುತ್ತೇನೆ.

ಬಿಸಿ ಏರಿದ ಪ್ರತಿಭಟನೆ ಕೈ ತಪ್ಪುವುದು ಎಲ್ಲಿ? ಘೋಷಣೆ ಕೂಗುವಾಗ ಅಲ್ಲ. ಬಿಸಿಲಲ್ಲಿ ಕಾದು ಕಾದು, ಶಾಸಕರು ಬರುತ್ತಾರೋ ಇಲ್ಲವೋ ಗೊತ್ತಾಗದೆ, ಮೈಕ್ ಹಿಡಿದ ಮುಖಂಡರು ಊಟಕ್ಕೆ ಹೋದ ಮೇಲೆ ತಪ್ಪುತ್ತದೆ. ಎರಡನೆಯ ಜಾಗ, ಕಟ್ಟಡದ ಬಾಗಿಲಿನಿಂದ ಕಾರಿನ ಬಾಗಿಲಿನವರೆಗಿನ ಹತ್ತಿಪ್ಪತ್ತು ಹೆಜ್ಜೆ. ಅಲ್ಲಿ ತಳ್ಳಾಟ, ಅಲ್ಲೇ ಕಾರು ಮುಂದಕ್ಕೆ ಚಲಿಸುವುದು, ಯಾರದೋ ಕಾಲ ಮೇಲೆ ಚಕ್ರ ಹತ್ತುವುದು, ಆಮೇಲೆ ಗಾಜು ಒಡೆಯುವುದು.

ಹಾಗಾಗಿ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಮನವಿ ಪತ್ರ ಎರಡು ಪ್ರತಿ ಇರಲಿ, ಒಂದು ಕೊಡಲು, ಇನ್ನೊಂದಕ್ಕೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಲು. ಅದನ್ನು ಕೊಡಲು ಮುಂದೆ ಹೋಗುವ ಐದು ಜನರ ಹೆಸರನ್ನು ಹಿಂದಿನ ದಿನವೇ ಬರೆದು ಠಾಣೆಗೂ ಕೊಟ್ಟಿರಿ. ಇಪ್ಪತ್ತು ಜನಕ್ಕೆ ಒಬ್ಬರಂತೆ ತೋಳಿಗೆ ಪಟ್ಟಿ ಕಟ್ಟಿದ ಸ್ವಯಂಸೇವಕರು, ಅವರು ಆಯಾ ಊರಿನವರೇ ಆಗಿರಬೇಕು, ಹೆಸರು ಹಿಡಿದು ಕರೆದರೆ ಹುಡುಗರು ಕೇಳುತ್ತಾರೆ. ಕುಡಿದು ಬಂದವನನ್ನು ಆ ಊರಿನವರೇ ಪಕ್ಕಕ್ಕೆ ಕರೆದೊಯ್ಯಬೇಕು. ಶುರುವಾಗುವ ಹೊತ್ತು ಹೇಳಿದಂತೆ ಮುಗಿಯುವ ಹೊತ್ತನ್ನೂ ಮೈಕಿನಲ್ಲಿ ಹೇಳಿ. ಕಾರಿನ ದಾರಿಯಲ್ಲಿ ಎರಡೂ ಕಡೆ ಕೈ ಹಿಡಿದ ಸಾಲು ನಿಲ್ಲಿಸಿ. ಇನ್ನೊಂದು, ಮನೆಗೆ ಮುತ್ತಿಗೆ ಹಾಕಬೇಡಿ. ಕಚೇರಿ ಇದೆ, ಸಭಾಂಗಣ ಇದೆ, ರಸ್ತೆ ಇದೆ. ಮನೆಯೊಳಗೆ ಇರುವ ಹೆಂಡತಿ ಮಕ್ಕಳನ್ನು ಯಾರೂ ಚುನಾಯಿಸಿಲ್ಲ. ಬೆಂಗಳೂರಿನಲ್ಲಿ 2020ರ ಆಗಸ್ಟ್ 11ರ ರಾತ್ರಿ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರ ಮನೆ ಸುಟ್ಟದ್ದು ನೆನಪಿರಬೇಕು. ಕೆರಳಿಸಿದ್ದು ಅವರ ಸಂಬಂಧಿಯೊಬ್ಬ ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಪೋಸ್ಟು. ಅದಕ್ಕೆ ಸುಟ್ಟದ್ದು ಶಾಸಕರ ಮನೆ. ಆ ರಾತ್ರಿ ಪೊಲೀಸರ ಗುಂಡಿಗೆ ಜೀವಗಳೂ ಹೋದವು.

ಜನಪ್ರತಿನಿಧಿಗಳಿಗೂ ಒಂದು ಮಾತಿದೆ. ಹಲ್ಲೆಗೆ ನೆಪ ಹುಡುಕಿಕೊಡಲು ಹೇಳುತ್ತಿಲ್ಲ, ಹೊಡೆಯಲು ಯಾವ ಕಾರಣವೂ ಕಾರಣವಲ್ಲ. ಆದರೆ ಗ್ರಾಮಸಭೆ ಕನಿಷ್ಠ 6 ತಿಂಗಳಿಗೊಮ್ಮೆ ನಡೆಯಬೇಕು. ಹಾಳೆಯ ಮೇಲೆ ಸಹಿ ತೆಗೆದುಕೊಂಡು ನಡೆದಂತೆ ತೋರಿಸಿದರೆ ಅಲ್ಲಿ ಆಡಬೇಕಾದ ಜಗಳ ಬೀದಿಗೆ ಬರುತ್ತದೆ. ಆಗುವುದಿಲ್ಲ ಅನ್ನುವುದನ್ನು ಆಗುವುದಿಲ್ಲ ಅಂತಲೇ, ಕಾರಣ ಸಹಿತ, ದಿನಾಂಕ ಹಾಕಿ ಬರೆದುಕೊಡಿ. ಇಂದು ಬಾ ನಾಳೆ ಬಾ ಅನ್ನಿಸಿಕೊಂಡವನ ಸಿಟ್ಟು ಇಲ್ಲ ಅನ್ನಿಸಿಕೊಂಡವನ ಸಿಟ್ಟಿಗಿಂತ ದೊಡ್ಡದು.

ಬೆದರಿಕೆ ಬಂದರೆ ಏನು ಮಾಡಬೇಕು? ಇದನ್ನು ಬರೆದುಕೊಳ್ಳಿ. ವಾಟ್ಸಾಪಿನಲ್ಲಿ ಬಂದಿದ್ದರೆ ಅಳಿಸಬೇಡಿ, ಗ್ರೂಪುಗಳಿಗೆ ಹಂಚಬೇಡಿ. ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸಂದೇಶ ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ಬಂದ್ ಮಾಡಿ. ಬ್ಲಾಕ್ ಮಾಡುವುದು ಇದೆಲ್ಲ ಆದ ಮೇಲೆ. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಸಾಧನದ ವಿವರ ಬರುತ್ತದೆ. ಫೋನ್ ಕರೆಯಾದರೆ ಇಟ್ಟ ತಕ್ಷಣ, ಅವನು ಆಡಿದ ಮಾತನ್ನು ಅವನ ಧಾಟಿಯಲ್ಲೇ ಬರೆಯಿರಿ. 'ಬೈದ, ಹೆದರಿಸಿದ' ಅಂದರೆ ಸಾಲದು. 'ಭಾನುವಾರ ಸಂತೆಗೆ ಬಾ, ನೋಡ್ಕೋತೀನಿ' ಅಂದಿದ್ದರೆ ಹಾಗೇ ಬರೆಯಬೇಕು. ಪತ್ರವಾದರೆ ಅಂಚು ಹಿಡಿದು ಎತ್ತಿ, ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಬೇಡ, ತೇವ ನಿಲ್ಲುತ್ತದೆ. ಅಂಚೆ ಮುದ್ರೆ ಇರುವ ಲಕೋಟೆ ಪತ್ರದಷ್ಟೇ ಮುಖ್ಯ. ಮನೆ ಮುಂದೆಯೇ ಬಂದು ನಿಂತಿದ್ದರೆ ಬಾಗಿಲು ತೆರೆಯದೆ 112ಕ್ಕೆ ಕರೆ ಮಾಡಿ.

ದೂರು ಯಾವ ಠಾಣೆಗೆ ಬೇಕಾದರೂ ಕೊಡಬಹುದು, ನಮ್ಮ ವ್ಯಾಪ್ತಿ ಅಲ್ಲ ಅನ್ನುವಂತಿಲ್ಲ. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಮರೆತರೆ ಅದು ದಾಖಲಾಗುವುದಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಬರಹದಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ.

ಹೆಚ್ಚಿನ ಪ್ರಕರಣಗಳು ಬಿದ್ದುಹೋಗುವ ಜಾಗ ಇನ್ನೊಂದಿದೆ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂನ ಬೆದರಿಕೆ, ಕೊಲ್ಲುತ್ತೇನೆ ಅಂದರೂ, ಅಸಂಜ್ಞೇಯ ಅಪರಾಧ. ಕೊಲೆ ಬೆದರಿಕೆಗೆ 7 ವರ್ಷದವರೆಗೆ ಶಿಕ್ಷೆ ಇದ್ದರೂ, ಬರೀ ಆ ಒಂದು ಕಲಂ ಮೇಲೆ ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಠಾಣೆಯಲ್ಲಿ ಎನ್‌ಸಿಆರ್, ಅಂದರೆ ಅಸಂಜ್ಞೇಯ ದೂರು ಬಂದಿದೆ ಅನ್ನುವ ಚೀಟಿ, ಕೊಟ್ಟು ಕಳಿಸುತ್ತಾರೆ, ಜನ ಅದನ್ನೇ ಎಫ್‌ಐಆರ್ ಅಂದುಕೊಂಡು ಮನೆಗೆ ಹೋಗುತ್ತಾರೆ. ಆ ಚೀಟಿ ಕೈಗೆ ಬಂದ ದಿನವೇ ಅನುಮತಿ ಕೇಳಿದ್ದೀರಾ ಅಂತ ವಿಚಾರಿಸಿ. ಜೊತೆಗೆ ತಡೆದದ್ದು, ಎಳೆದದ್ದು, ಕಲ್ಲು ಎಸೆದದ್ದು ನಡೆದಿದ್ದರೆ ಅದನ್ನೂ ಬಿಡದೆ ಬರೆಯಿರಿ. ಸಾರ್ವಜನಿಕ ನೌಕರರನ್ನು ಕರ್ತವ್ಯದಿಂದ ತಡೆಯಲು ಬಲ ಬಳಸಿದರೆ 132ನೇ ಕಲಂ, ಗಾಯವಾದರೆ 121, ಅವು ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಬಹುದು. ಪಂಚಾಯ್ತಿ ಸದಸ್ಯರು ಕಾಯ್ದೆಯ ಪ್ರಕಾರ ಸಾರ್ವಜನಿಕ ನೌಕರರೇ. ಮಂತ್ರಿಗಳೂ ಹೌದು. ಬರೀ ಶಾಸಕರು ಮಾತ್ರ ಅಲ್ಲ ಅಂತ ಸುಪ್ರೀಂ ಕೋರ್ಟು 1984ರಲ್ಲಿ ಅಂತುಳೆ ಪ್ರಕರಣದಲ್ಲಿ, ಆಗಿನ ದಂಡಸಂಹಿತೆಯ ಅರ್ಥದಲ್ಲಿ, ಹೇಳಿತ್ತು. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಆದರೆ ದೂರು ಬರೆಯುವವರಿಗೆ ಗೊತ್ತಿರಬೇಕು.

ಈಗ ಒಗ್ಗಟ್ಟಿನ ಮಾತು. ಒಗ್ಗಟ್ಟು ಅಂದರೆ ಎಲ್ಲರೂ ಒಂದೇ ಪಕ್ಷ ಸೇರುವುದಲ್ಲ, ವಿರೋಧ ಬಿಡುವುದೂ ಅಲ್ಲ. ಹಲ್ಲೆ ನಡೆದ ಮೊದಲ ದಿನ ಏನು ಮಾಡುತ್ತೇವೆ ಅನ್ನುವುದರಲ್ಲಿ ಅದು ಕಾಣುತ್ತದೆ. ಹಲ್ಲೆಗೊಳಗಾದವರ ಪಕ್ಷದವರು ಖಂಡಿಸಿದರೆ ಅದು ಸುದ್ದಿಯಲ್ಲ, ಅವರ ಎದುರು ನಿಂತು ಸೋತವರು ಖಂಡಿಸಬೇಕು. ಆಸ್ಪತ್ರೆ ಬಾಗಿಲಿಗೆ ಅವರೇ ಮೊದಲು ಹೋಗಬೇಕು. ಅಂದೇ ಸಂಜೆಯೊಳಗೆ ಎಲ್ಲ ಪಕ್ಷದವರ ಸಹಿ ಇರುವ ಒಂದು ಹೇಳಿಕೆ ಬರಬೇಕು, ಎಂಟು ಹತ್ತು ಸಾಲು ಸಾಕು. ಏನಾಯಿತು, ಅದು ತಪ್ಪು, ತನಿಖೆ ಪೊಲೀಸರದು, ಯಾರೂ ಪ್ರತೀಕಾರಕ್ಕೆ ಇಳಿಯಬಾರದು. 'ಆದರೆ' ಅನ್ನುವ ಪದ ಅದರಲ್ಲಿ ಇರಬಾರದು. 'ಹಲ್ಲೆ ತಪ್ಪು, ಆದರೆ ಅವರೂ ಜನರನ್ನು ಕೆರಳಿಸಿದ್ದರು' ಅಂದ ಕೂಡಲೇ ಮೊದಲ ಎರಡು ಪದ ಸತ್ತುಹೋಗುತ್ತವೆ. ಕೆರಳಿಸಿದ್ದರ ಬಗ್ಗೆ ಮಾತಾಡಲು ಬೇರೆ ದಿನ, ಬೇರೆ ವೇದಿಕೆ ಇದೆ.

ಹಲ್ಲೆಕೋರನ ಜಾತಿ, ಧರ್ಮ, ಪಕ್ಷ ಹೇಳಿ ಕಾರಣ ಕಟ್ಟಬೇಡಿ. ಮೊದಲ ದಿನ ಬರುವ ಕಾರಣಗಳಲ್ಲಿ ಹೆಚ್ಚಿನವು ತನಿಖೆಯಲ್ಲಿ ಉಳಿಯುವುದಿಲ್ಲ, ಅಷ್ಟರಲ್ಲಿ ಯಾರದೋ ಅಂಗಡಿಗೆ ಕಲ್ಲು ಬಿದ್ದಿರುತ್ತದೆ. ವಿಡಿಯೊ ಇದ್ದರೆ ತನಿಖಾಧಿಕಾರಿಗೆ ಕೊಡಿ, ಸ್ಟೇಟಸ್ಸಿಗೆ ಹಾಕಬೇಡಿ. ತಹಶೀಲ್ದಾರರೋ ಪೊಲೀಸರೋ ಕರೆಯುವ ಶಾಂತಿ ಸಭೆಗೆ ಯಾವಾಗಲೂ ಬರುವ ಹಿರಿಯರನ್ನಷ್ಟೇ ಕಳಿಸಿದರೆ ಉಪಯೋಗ ಕಡಿಮೆ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಆಗಿರುವ ಹುಡುಗರನ್ನು ಕರೆದುಕೊಂಡು ಹೋಗಿ, ರಾತ್ರಿ ಹನ್ನೊಂದಕ್ಕೆ ಸುಳ್ಳು ಓಡುವುದು ಅವರ ಫೋನಿನಲ್ಲಿ. ಹಲ್ಲೆಯಿಂದ ನಿಂತುಹೋದ ಗ್ರಾಮಸಭೆಯನ್ನು ವಾರದೊಳಗೆ ಮತ್ತೆ ನಡೆಸಿ, ಅದೇ ಜಾಗದಲ್ಲಿ, ಎದುರಾಳಿ ಸದಸ್ಯರು ಅಕ್ಕಪಕ್ಕ ಕೂತು. ಹೆದರಿದ ಸದಸ್ಯೆಯನ್ನು ಮನೆಯಿಂದ ಸಭೆಗೆ ಕರೆದುಕೊಂಡು ಬರುವ ಕೆಲಸ ಬೇರೆ ಪಕ್ಷದ ಸದಸ್ಯೆ ವಹಿಸಿಕೊಳ್ಳಲಿ.

ಆ ಜನಪ್ರತಿನಿಧಿ ನಿಜಕ್ಕೂ ಕೆಟ್ಟವರಾಗಿದ್ದರೆ? ಇಳಿಸಲು ದಾರಿ ಇದೆ. ಪಂಚಾಯ್ತಿ ಅಧ್ಯಕ್ಷರ ಮೇಲೆ ಅವಿಶ್ವಾಸಕ್ಕೆ ಅರ್ಧದಷ್ಟು ಸದಸ್ಯರ ಸಹಿ, 10 ದಿನದ ನೋಟಿಸು, ಉಪವಿಭಾಗಾಧಿಕಾರಿ ಕರೆಯುವ ವಿಶೇಷ ಸಭೆ, ಮೂರನೇ ಎರಡರಷ್ಟು ಮತ. 18 ಸದಸ್ಯರಿದ್ದರೆ 9 ಸಹಿ, 12 ಮತ. ಲೆಕ್ಕ ಒಟ್ಟು ಸದಸ್ಯರ ಮೇಲೆ, ಸಭೆಗೆ ಬಂದವರ ಮೇಲಲ್ಲ, ತುಂಬಾ ಜನ ಎಡವುವುದು ಇಲ್ಲೇ. ಹಣ ತಿಂದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಬಿಲ್ಲು, ಅಳತೆ ಪುಸ್ತಕದ ಪ್ರತಿ ಕೇಳಿ, 30 ದಿನದೊಳಗೆ ಕೊಡಬೇಕು. ಅದನ್ನು ಲಗತ್ತಿಸಿ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಶಾಸಕರ ಆಯ್ಕೆಯೇ ಅಕ್ರಮ ಅಂತಿದ್ದರೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಇವು ನಿಧಾನ, ಒಪ್ಪುತ್ತೇನೆ. ಆದರೆ ಇವುಗಳಲ್ಲಿ ಸೋತವರು ಮತ್ತೆ ಅರ್ಜಿ ಹಾಕಬಹುದು, ಸತ್ತವರು ಮತ್ತೆ ಸಭೆಗೆ ಬರುವುದಿಲ್ಲ.

ಒಬ್ಬ ವಿದ್ಯಾರ್ಥಿ ಚೀಟಿಯಲ್ಲಿ ಕೇಳಿದ್ದಾರೆ: ಹೊಡೆದವನು ನಮ್ಮ ಸಂಘಟನೆಯವನೇ ಆಗಿದ್ದರೆ ಏನು ಮಾಡಬೇಕು? ಒಳ್ಳೆಯ ಪ್ರಶ್ನೆ, ಕಷ್ಟದ್ದೂ ಹೌದು. ಬಚ್ಚಿಡಬೇಡಿ. ಬೇರೆ ಊರಿನ ನೆಂಟರ ಮನೆಗೆ ಕಳಿಸಿದವರೂ ಆರೋಪಿಗಳಾಗುತ್ತಾರೆ. ಅವನ ಮನೆಯವರನ್ನು ಜೊತೆಗಿಟ್ಟುಕೊಂಡು ಠಾಣೆಗೆ ಕರೆದುಕೊಂಡು ಹೋಗಿ. ವಕೀಲರನ್ನು ಇಟ್ಟುಕೊಡಬಹುದು, ಅದು ಅವನ ಹಕ್ಕು. ಅಂದೇ ಸಂಘಟನೆಯಿಂದ ಅಮಾನತು ಮಾಡಿ, ಅದನ್ನು ಬರಹದಲ್ಲಿ ಹೊರಡಿಸಿ. ಹಲ್ಲೆಗೊಳಗಾದವರ ಮನೆಗೆ ಸಂಘಟನೆಯ ಅಧ್ಯಕ್ಷರೇ ಹೋಗಲಿ, ಕ್ಯಾಮೆರಾ ಇಲ್ಲದೆ. ಅವನು ಜಾಮೀನಿನ ಮೇಲೆ ಹೊರಗೆ ಬಂದ ದಿನ ಜೈಲಿನ ಬಾಗಿಲಿಗೆ ಹಾರ, ಪಟಾಕಿ, ತಮಟೆ ಹೋಗಬಾರದು. ಅವನ ಅಪ್ಪ ಅವ್ವ ಹೋಗಿ ಮನೆಗೆ ಕರೆದುಕೊಂಡು ಬರಲಿ, ಅಷ್ಟು ಸಾಕು.